‘ಜ್ವರ, ಇಂದು ರಜೆ’: ಕುಡಿತದ ಬಗ್ಗೆ ಮನೆಯೊಳಗೆ ಮಾತಾಡುವುದು ಹೇಗೆ

ನಮ್ಮಣ್ಣನದು ಮೋಟಾರ್ ರಿವೈಂಡಿಂಗ್ ಅಂಗಡಿ. ಮಂಡ್ಯ ಕಡೆಯ ಒಂದು ಹೋಬಳಿ ಊರು. ಸುತ್ತಲ ಹಳ್ಳಿಗಳಲ್ಲಿ ಯಾರ ಪಂಪ್‌ಸೆಟ್ ಸುಟ್ಟರೂ ಇಲ್ಲಿಗೇ ಬರಬೇಕು. ಅಂಗಡಿಯ ಶಟರ್‌ಗೆ ಒಂದು ಸ್ಲೇಟು ನೇತುಹಾಕಿದ್ದೆವು. ರಾತ್ರಿ ಅತಿಯಾಗಿ ಕುಡಿದು ಅಣ್ಣ ಬೆಳಿಗ್ಗೆ ಏಳದಿದ್ದರೆ ಅದರ ಮೇಲೆ ‘ಜ್ವರ, ಇಂದು ರಜೆ’ ಎಂದು ಬರೆದು ಬರುವುದು ನನ್ನ ಪಾಲಿನ ಕೆಲಸ. ಆರು ವರ್ಷ ಬರೆದಿದ್ದೇನೆ. ಅಕ್ಷರ ನನ್ನದೆಂದು ಊರಿಗೆ ಗೊತ್ತಿತ್ತು, ಜ್ವರ ಯಾವ ಜ್ವರವೆಂದೂ ಗೊತ್ತಿತ್ತು. ಒಬ್ಬ ಗೌಡರು ಒಂದಿನ ಸುಟ್ಟ ಮೋಟಾರನ್ನು ಟ್ರ್ಯಾಕ್ಟರಿನಿಂದ ಇಳಿಸದೆಯೇ ಸ್ಲೇಟು ಓದಿ, ‘ನಿಮ್ಮಣ್ಣಂಗೆ ಈ ಜ್ವರ ಸೋಮ್ವಾರ ಸೋಮ್ವಾರನೇ ಬತ್ತದಲ್ಲಪ್ಪ’ ಅಂದು ಗಾಡಿ ತಿರುಗಿಸಿಕೊಂಡು ಹೋದರು.

ಅಣ್ಣ ಕೊನೆಯ ಸಲ ಕುಡಿದು ಮೂರು ವರ್ಷ ದಾಟಿದೆ. ‘ನೀವು ಏನು ಹೇಳಿ ಬಿಡಿಸಿದ್ರಿ?’ ಎಂದು ಈಗ ಬೇರೆ ಮನೆಯವರು ನನ್ನನ್ನು ಕೇಳುತ್ತಾರೆ, ಹೆಚ್ಚಾಗಿ ಹೆಂಗಸರು, ಹೆಚ್ಚಾಗಿ ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತು ನೋಡಿಕೊಂಡು. ಹೇಳಿ ಬಿಡಿಸುವಂಥ ಒಂದು ಮಾತು ಇಲ್ಲ. ಆದರೆ ಮಾತಾಡುವುದಕ್ಕೆ ಒಂದು ಕ್ರಮ ಇದೆ. ಅದನ್ನು ನಾವು ಮೊದಲು ತಲೆಕೆಳಗಾಗಿ ಮಾಡಿ, ಒಂದು ಜೀವ ಕಳೆದುಕೊಳ್ಳುವ ಹತ್ತಿರಕ್ಕೆ ಹೋಗಿ, ಆಮೇಲೆ ಕಲಿತೆವು. ನಾನು ಡಾಕ್ಟರಲ್ಲ. ಔಷಧಿಯ ಬಗ್ಗೆ ಇಲ್ಲಿ ಬರೆದಿರುವುದು ಡಾಕ್ಟರ ಹತ್ತಿರ ಏನು ಕೇಳಬೇಕೆಂದು ತಿಳಿದಿರಲಿ ಅಂತ ಮಾತ್ರ.

ಮೊದಲು ಮನೆಯ ಸುಳ್ಳುಗಳ ಲೆಕ್ಕ

ಕುಡಿಯುವವರ ಮುಂದೆ ಕೂರುವ ಮೊದಲು, ಅವರಿಲ್ಲದ ಹೊತ್ತಿನಲ್ಲಿ ಮನೆಯ ಉಳಿದ ದೊಡ್ಡವರು ಒಂದು ಸಲ ಕೂರಬೇಕು. ಕುಡಿಯುವವರನ್ನು ಬಯ್ಯಲಿಕ್ಕೆ ಅಂತ ಕೂತರೆ ಆ ರಾತ್ರಿ ಅದರಲ್ಲೇ ಮುಗಿದುಹೋಗುತ್ತದೆ. ‘ಈ ಕುಡಿತವನ್ನು ಮುಚ್ಚಿಡಲಿಕ್ಕೆ ನಾನೇನು ಮಾಡ್ತಿದ್ದೀನಿ?’ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಇಡೀ ದಾರಿಯಲ್ಲಿ ಕಷ್ಟದ ಹೆಜ್ಜೆ ಇದೇ. ಕುಡಿಯುವವನ ಸುಳ್ಳು ನಮಗೆಲ್ಲ ಬಾಯಿಪಾಠ, ನಮ್ಮದು ನೆನಪಿರುವುದಿಲ್ಲ.

ನಮ್ಮ ಮನೆಯಲ್ಲಿ ಹೊರಬಿದ್ದದ್ದು ಇಷ್ಟು. ನಾನು ಸ್ಲೇಟು ಬರೆಯುತ್ತಿದ್ದೆ. ಅತ್ತಿಗೆ ಸ್ತ್ರೀಶಕ್ತಿ ಸಂಘದಲ್ಲಿ ಹಸು ತರುತ್ತೇನೆಂದು ಎತ್ತಿದ ಸಾಲದಲ್ಲಿ ಬಾರಿನ ಉದ್ರಿ ತೀರಿಸಿದ್ದರು. ಅವ್ವ ದಿನಾ ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ ಒಂದು ನೈಂಟಿಗಾಗುವಷ್ಟು ದುಡ್ಡು ಕೊಡುತ್ತಿದ್ದಳು. ಅತ್ತಿಗೆ ಸಿಡಿದುಬಿದ್ದಾಗ ಅವ್ವ ಹೇಳಿದ್ದು ಈಗಲೂ ಕಿವಿಯಲ್ಲಿದೆ: ‘ಕಾಫಿ ಲೋಟವ ಎರಡೂ ಕೈಯಾಗೆ ಹಿಡ್ಕಂಡ್ರೂ ತುಳುಕ್ತಿತ್ತು ಕಣವ್ವ. ಅದ ನೋಡ್ಕಂಡು ಹೆಂಗೆ ಸುಮ್ಕಿರ್ಲಿ?’

ಆವತ್ತು ನಾವೆಲ್ಲ ಅವ್ವನದೇ ದೊಡ್ಡ ತಪ್ಪು ಅಂದುಕೊಂಡೆವು. ಅಲ್ಲವೆಂದು ಆಮೇಲೆ ಗೊತ್ತಾಯಿತು. ಅದಕ್ಕೇ ಈ ಲೆಕ್ಕದಲ್ಲಿ ಎರಡು ಬಗೆಯನ್ನು ಬೇರೆ ಮಾಡಿಕೊಳ್ಳಿ. ಹೊರಗಿನವರಿಗೆ ಹೇಳುವ ಸುಳ್ಳು, ತೀರಿಸುವ ಉದ್ರಿ, ಆಫೀಸಿಗೆ ಮಾಡುವ ‘ಹುಷಾರಿಲ್ಲ’ ಫೋನು, ಇವನ್ನು ನಾಳೆಯಿಂದಲೇ ನಿಲ್ಲಿಸಬಹುದು. ದಿನಾ ಕುಡಿಯುವವರಿಗೆ, ಅದರಲ್ಲೂ ಬೆಳಿಗ್ಗೆ ಕೈ ನಡುಗುವವರಿಗೆ, ಕುಡಿತವನ್ನೇ ಒಮ್ಮೆಗೇ ತಪ್ಪಿಸುವುದು ಬೇರೆ ವಿಷಯ. ಅದಕ್ಕೆ ಡಾಕ್ಟರು ಬೇಕು.

ನಿಲ್ಲಿಸುವುದನ್ನು ಮುಂಚಿತವಾಗಿ ಹೇಳಿ ನಿಲ್ಲಿಸಿ. ನಾನು ಅಣ್ಣನಿಗೆ ಹೇಳಿದ್ದು: ‘ಅಣ್ಣ, ಇನ್ಮೇಲೆ ಜ್ವರ ಅಂತ ಬರೆಯಲ್ಲ. ಇಂದು ರಜೆ ಅಂತಷ್ಟೇ ಬರೀತೀನಿ. ಗಿರಾಕಿ ಫೋನ್ ಮಾಡಿದ್ರೆ ನಿನ್ ಕೈಗೇ ಕೊಡ್ತೀನಿ.’ ಒಂದು ವಾರ ಮಾತು ಬಿಟ್ಟ. ‘ಅಣ್ಣ ಕುಡಿದು ಮಲಗಿದ್ದಾನೆ’ ಎಂದು ನಾನೇನೂ ಸ್ಲೇಟಿನಲ್ಲಿ ಬರೆಯಲಿಲ್ಲ ಅನ್ನುವುದನ್ನು ಗಮನಿಸಿ. ಊರಿಗೆ ಸುಳ್ಳು ಹೇಳುವುದು ಬೇಡ, ಊರಿಗೆ ಡಂಗುರ ಸಾರುವುದೂ ಬೇಡ.

ಆಣೆ ಹಾಕಿಸಬೇಡಿ

ನಾವು ತಲೆಕೆಳಗು ಮಾಡಿದ್ದು ಇಲ್ಲಿ. ಅಪ್ಪನ ವರ್ಷದ ತಿಥಿಗೆ ಬಂದ ನೆಂಟರೆಲ್ಲ ಊಟ ಮುಗಿಸಿ ಜಗುಲಿಯಲ್ಲಿ ಕೂತರು. ಸೋದರಮಾವ ಶುರು ಮಾಡಿದರು. ಒಬ್ಬೊಬ್ಬರೂ ಒಂದೊಂದು ಹಳೇ ಕತೆ ತೆಗೆದರು. ಕೊನೆಗೆ ಅವ್ವನ ತಲೆಯ ಮೇಲೆ ಕೈ ಇಡಿಸಿ, ‘ಇನ್ನು ಮುಟ್ಟಲ್ಲ’ ಎಂದು ಅಣ್ಣನ ಬಾಯಲ್ಲಿ ಹೇಳಿಸಿದರು. ಎಲ್ಲರಿಗೂ ಸಮಾಧಾನ. ಭಾನುವಾರ ಸಂಜೆ ನೆಂಟರು ಬಸ್ಸು ಹತ್ತಿದರು.

ಅಣ್ಣ ಆಣೆ ಉಳಿಸಿಕೊಂಡ. ಸೋಮವಾರ ಇಡೀ ದಿನ ಬೆವರು, ವಾಂತಿ, ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಮಂಗಳವಾರ ಬೆಳಗಿನ ಜಾವ ಹಜಾರದಲ್ಲಿ ಬಿದ್ದು ಫಿಟ್ಸ್ ಬಂತು. ಪಕ್ಕದ ಮನೆಯವರು ಬಂದು ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಿದರು. ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡಿದರು. ಆಣೆಯ ದೋಷ ತಟ್ಟಿತು ಎಂದೂ ಒಬ್ಬರು ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಕೊನೇ ಸಲ ಕುಡಿದದ್ದು ಯಾವಾಗ?’ ಅತ್ತಿಗೆ ತಟಕ್ಕನೆ, ‘ಅವರು ಕುಡಿಯಲ್ಲ ಡಾಕ್ಟ್ರೇ’ ಅಂದರು. ಹನ್ನೊಂದು ವರ್ಷದ ಅಭ್ಯಾಸ ಅದು. ಬೇಕೆಂದು ಹೇಳಿದ ಸುಳ್ಳಲ್ಲ, ನಾಲಿಗೆಯೇ ಹೇಳಿತು. ನಾನು ಹಿಂದಿನಿಂದ, ‘ದಿನಕ್ಕೆ ಎರಡು ಕ್ವಾರ್ಟರ್ ಸಾರ್, ಭಾನುವಾರ ಮಧ್ಯಾಹ್ನ ಲಾಸ್ಟು’ ಅಂದೆ. ಚಿಕಿತ್ಸೆ ಶುರುವಾದದ್ದು ಆ ಲೆಕ್ಕ ಸಿಕ್ಕ ಮೇಲೆ.

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನಾ ಕುಡಿದ ಮಿದುಳು ಮದ್ಯದ ಮಂಕಿಗೆ ಎದುರಾಗಿ ತನ್ನನ್ನೇ ಬಿಗಿಮಾಡಿಕೊಂಡಿರುತ್ತದೆ. ಮದ್ಯ ಏಕಾಏಕಿ ನಿಂತರೆ ಆ ಬಿಗಿ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ಸುಮಾರು 6-8 ಗಂಟೆಗೆ ನಡುಕ, ಬೆವರು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರುವ ಅಪಾಯ. ಎರಡು-ಮೂರನೇ ದಿನದಿಂದ ಕೆಲವರಿಗೆ ಇಲ್ಲದ್ದು ಕಾಣುವುದು, ಹುಳ ಹರಿದಂತೆ ಆಗುವುದು, ಇರುವ ಜಾಗವೇ ತಿಳಿಯದಂತಾಗುವುದು. ಈ ಕೊನೆಯದನ್ನು ಮನೆಯಲ್ಲಿಟ್ಟುಕೊಂಡು ನೋಡಿದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ನಡುಕ ತಡೆಯುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ, ಜೊತೆಗೆ ಬಿ1 ಜೀವಸತ್ವ ಅಂದರೆ ಥಯಾಮಿನ್ ಕೊಡುತ್ತಾ, ಸುಮಾರು ಒಂದು ವಾರದಲ್ಲಿ ಈ ಘಟ್ಟ ದಾಟಿಸುತ್ತಾರೆ. ಫಿಟ್ಸ್ ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿ, ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಬೀಗದ ಕೈ ಗೋಡೆಯ ಮೊಳೆಯಲ್ಲೇ ಇರಲಿ.

ಆಣೆಯ ಇನ್ನೊಂದು ತೊಂದರೆ ಮಾತಿಗೇ ಸಂಬಂಧಿಸಿದ್ದು. ಮುರಿದ ಮೇಲೆ ಆತ ಕುಡುಕನ ಜೊತೆಗೆ ದೇವರಿಗೂ ತಾಯಿಗೂ ಸುಳ್ಳು ಹೇಳಿದವನಾಗುತ್ತಾನೆ. ಆಮೇಲೆ ಮನೆಯವರ ಮುಖ ನೋಡುವುದಕ್ಕೇ ಕುಡಿದು ಬರಬೇಕಾಗುತ್ತದೆ. ಅಣ್ಣ ಆಸ್ಪತ್ರೆಯಿಂದ ಬಂದ ಮೂರು ತಿಂಗಳಿಗೆ ಮತ್ತೆ ಶುರು ಮಾಡಿದ. ಈ ಸಲ ಅವ್ವನ ಎದುರಿಗೆ ಬರುವುದನ್ನೇ ಬಿಟ್ಟ.

ಗುಂಪು ಬೇಡ, ಒಬ್ಬರು ಸಾಕು

ನೆಂಟರೆಲ್ಲ ಸೇರಿ ಮುತ್ತಿಗೆ ಹಾಕುವ ಪದ್ಧತಿ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಅದಕ್ಕೊಂದು ಹೆಸರೇ ಇದೆ, ಜಾನ್ಸನ್ ಇಂಟರ್‌ವೆನ್ಷನ್. ನ್ಯೂ ಮೆಕ್ಸಿಕೋದಲ್ಲಿ ವಿಲಿಯಂ ಮಿಲ್ಲರ್, ರಾಬರ್ಟ್ ಮೇಯರ್ಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿಕಿತ್ಸೆ ಬೇಡವೆನ್ನುವವರ ಮನೆಯ 130 ಮಂದಿಯನ್ನು ಮೂರು ದಾರಿಗಳಿಗೆ ಹಂಚಿ ನೋಡಿದರು. ಮುತ್ತಿಗೆಯ ದಾರಿ ಹಿಡಿದ ಮನೆಗಳಲ್ಲಿ 30 ಶೇಕಡಾ ಕುಡಿಯುವವರು ಚಿಕಿತ್ಸೆಗೆ ಬಂದರು. ಬಹುಪಾಲು ಮನೆಗಳು ಆ ಪಂಚಾಯ್ತಿ ಸೇರಿಸುವ ಧೈರ್ಯವನ್ನೇ ಮಾಡಲಿಲ್ಲ. ಕ್ರಾಫ್ಟ್ ಎಂಬ ದಾರಿಯಲ್ಲಿ ಮನೆಯವರಿಗೇ ತರಬೇತಿ: ಕುಡಿಯದ ಹೊತ್ತಿನಲ್ಲಿ ಹತ್ತಿರವಾಗುವುದು, ಕುಡಿದಾಗ ಜಗಳವಿಲ್ಲದೆ ದೂರ ಸರಿಯುವುದು, ಕುಡಿತದ ಪರಿಣಾಮವನ್ನು ತಾವು ಮೈಮೇಲೆ ಎಳೆದುಕೊಳ್ಳದಿರುವುದು, ಸರಿಯಾದ ಗಳಿಗೆಯಲ್ಲಿ ಚಿಕಿತ್ಸೆಯ ಮಾತೆತ್ತುವುದು. ಅಲ್ಲಿ 64 ಶೇಕಡಾ ಬಂದರು. ಮೂರನೆಯದು ಮನೆಯವರು ತಮ್ಮ ನೆಮ್ಮದಿಗಾಗಿ ಸೇರುವ ಆಲ್-ಅನಾನ್ ಬಗೆಯದು, ಅದರಲ್ಲಿ 13. ಕುಡಿಯುವವರನ್ನು ಎಳೆದು ತರುವುದು ಆಲ್-ಅನಾನ್ ಉದ್ದೇಶವೇ ಅಲ್ಲವಾದ್ದರಿಂದ ಆ ಕಡಿಮೆ ಅಂಕಿಯನ್ನು ಅದರ ಸೋಲೆಂದು ಓದಬೇಡಿ.

ಹಾಗಾದರೆ ಯಾರು ಮಾತಾಡಬೇಕು? ಹಿರಿಯರೇ ಆಗಬೇಕೆಂದಿಲ್ಲ. ಯಾರ ಜೊತೆ ಆತ ಈಚೆಗೆ ಜಗಳವಾಡಿಲ್ಲವೋ ಅವರು. ಹೆಂಡತಿ ಹತ್ತು ವರ್ಷದಿಂದ ಹೇಳಿ ಹೇಳಿ ಸಾಕಾಗಿರುತ್ತಾರೆ, ಆಕೆ ಬಾಯಿ ತೆರೆದರೆ ಸಾಕು ಇವನ ಕಿವಿ ಮುಚ್ಚಿರುತ್ತದೆ. ಆಕೆಯದೇನೂ ತಪ್ಪಿಲ್ಲ. ತಂಗಿ, ಭಾವಮೈದ, ಹಳೇ ಮೇಷ್ಟ್ರು, ಯಾರಾದರೂ ಒಬ್ಬರು ಸಾಕು.

ಯಾವಾಗ? ಕುಡಿದು ಬಾಗಿಲಲ್ಲಿ ನಿಂತಾಗ ಖಂಡಿತ ಬೇಡ. ಆ ಹೊತ್ತಿನ ಮಾತು ಬೆಳಿಗ್ಗೆಗೆ ಅವನಿಗೆ ನೆನಪಿರುವುದಿಲ್ಲ, ನಿಮಗೆ ಮರೆಯುವುದಿಲ್ಲ. ಎದ್ದಕೂಡಲೇ ನಡುಗುವ ಹೊತ್ತೂ ಬೇಡ. ಬೆಳಿಗ್ಗೆಯೇ ಒಂದು ಗುಟುಕು ಬೇಕಾಗುವವರಿಗೆ ಪೂರ್ತಿ ಅಮಲಿಲ್ಲದ ಗಳಿಗೆ ಅನ್ನುವುದೇ ಇರುವುದಿಲ್ಲ. ದಿನದಲ್ಲಿ ತಲೆ ಹೆಚ್ಚು ತಿಳಿಯಾಗಿರುವ ಒಂದೆರಡು ಗಂಟೆ ಯಾವುದೆಂದು ಮನೆಯವರಿಗೇ ಗೊತ್ತಿರುತ್ತದೆ. ಬೈಕಿನಿಂದ ಬಿದ್ದದ್ದು, ಮಗಳ ಶಾಲೆಯಲ್ಲಿ ಅವಮಾನವಾದದ್ದು, ಇಂಥದ್ದೇನಾದರೂ ನಡೆದ ಒಂದೆರಡು ದಿನದಲ್ಲಿ ಅವರ ಮನಸ್ಸೂ ಮೆತ್ತಗಿರುತ್ತದೆ.

ಕಂಡದ್ದನ್ನು ಹೇಳಿ, ಒಂದೇ ಒಂದು ಕೇಳಿ

ನಾನು ಅಂಗಡಿಯಲ್ಲೇ ಮಾತಾಡಿದೆ, ಬುಧವಾರ ಹತ್ತೂವರೆಗೆ. ಅಣ್ಣನ ಮುಂದೆ ಖಾಲಿ ಸ್ಟೇಟರ್, ಅಂದರೆ ಮೋಟಾರಿನಲ್ಲಿ ತಂತಿ ಕೂರಿಸುವ ಭಾಗ, ಕೈಯಲ್ಲಿ ತಾಮ್ರದ ತಂತಿ. ರಿವೈಂಡಿಂಗ್ ಗೊತ್ತಿಲ್ಲದವರಿಗೆ: ಒಂದೊಂದು ಕಾಯಿಲ್‌ಗೆ ಇಂತಿಷ್ಟು ಸುತ್ತು ಎಂದು ಎಣಿಸಿ ಸುತ್ತಬೇಕು, ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಮೊದಲಿಂದ.

‘ಅಣ್ಣ, ಮೊನ್ನೆ ನೀನು ಸುತ್ತೋದ ನೋಡ್ತಿದ್ದೆ. ಮೂರು ಸಲ ಲೆಕ್ಕ ತಪ್ಪಿ ಬಿಚ್ಚಿದೆ. ಊರಲ್ಲಿ ಕಣ್ಮುಚ್ಕೊಂಡು ಸುತ್ತೋನು ನೀನು. ನಂಗೆ ಭಯ ಆಯ್ತು.’

‘ಕಣ್ಣು ಮಂಜು ಕಣ್ಲಾ.’

‘ಇರಬೌದು. ಮಂಗಳವಾರ ಆಸ್ಪತ್ರೆಗೆ ಹೋಗಿ ತೋರ್ಸಣ, ನಾನೂ ಬತ್ತೀನಿ. ಕುಡಿಯೋದ ಬಿಡು ಅಂತ ಇವತ್ತು ಕೇಳ್ತಿಲ್ಲ. ಡಾಕ್ಟರ ಹತ್ರ ಒಂದ್ಸಲ ಬಾ, ಅಷ್ಟೇ.’

‘ಕೆಲ್ಸ ನೋಡ್ಕೋ ಹೋಗು’ ಅಂದ. ನಾನು ಎದ್ದು ಹೋದೆ. ನಾಲ್ಕು ನಿಮಿಷ ಆಗಿರಬೇಕು ಎಲ್ಲ ಸೇರಿ. ಸೋಮವಾರ ರಾತ್ರಿ ಊಟ ಮಾಡುತ್ತಾ, ತಟ್ಟೆಯಿಂದ ತಲೆ ಎತ್ತದೆ, ‘ಬಸ್ಸು ಎಷ್ಟೊತ್ತಿಗೆ?’ ಅಂದ.

ಇದರಲ್ಲಿ ಜಾಣತನ ಏನೂ ಇಲ್ಲ, ಮೂರು ಸಂಗತಿ ಇವೆ. ನನ್ನ ಕಣ್ಣಿಗೆ ಬಿದ್ದ ಒಂದು ಘಟನೆ, ಈ ವಾರದ್ದು, ಹತ್ತು ವರ್ಷದ್ದಲ್ಲ. ಅದರಿಂದ ನನಗೆ ಏನನ್ನಿಸಿತು. ಆಮೇಲೆ ಅವನು ಹೂಂ ಅನ್ನಬಹುದಾದಷ್ಟು ಸಣ್ಣ ಬೇಡಿಕೆ, ದಿನ ಗೊತ್ತುಮಾಡಿದ್ದು. ‘ಕುಡುಕ’ ಅನ್ನುವ ಪದ ಬರಲಿಲ್ಲ, ‘ಯಾವಾಗಲೂ’ ಅನ್ನುವ ಪದವೂ ಬರಲಿಲ್ಲ. ‘ಕಣ್ಣು ಮಂಜು’ ಅಂದಾಗ ಅದು ಸುಳ್ಳೆಂದು ಹಿಡಿದುಹಾಕಬೇಕೆಂದು ನಾಲಿಗೆ ತುರಿಸಿತ್ತು. ಹಿಡಿದಿದ್ದರೆ ವಾದ ಗೆಲ್ಲುತ್ತಿದ್ದೆ, ಬಸ್ಸು ತಪ್ಪುತ್ತಿತ್ತು.

ಎದುರುತ್ತರಗಳು ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ‘ನನ್ನ ದುಡ್ಡು, ನಾನು ಕುಡೀತೀನಿ’ ಅಂದರೆ, ‘ದುಡ್ಡಿನ ಮಾತು ನಾನಾಡ್ಲಿಲ್ಲ, ನಿನ್ನ ಕೈ ನಡುಗೋದರ ಮಾತಾಡ್ದೆ’ ಅನ್ನಿ. ‘ಊರಲ್ಲಿ ಯಾರು ಕುಡಿಯಲ್ಲ?’ ಅಂದರೆ, ‘ಊರೋರು ನಮ್ಮನೇಲಿ ಇಲ್ವಲ್ಲ.’ ‘ನಿನ್ನಿಂದಾನೇ ನಾನು ಕುಡಿಯೋದು’ ಎಂಬುದು ಹೆಂಡತಿಗೆ ಬೀಳುವ ಏಟು. ಅದಕ್ಕೆ ಸಮಜಾಯಿಷಿ ಕೊಡಲು ಹೋಗಬೇಡಿ, ‘ಅದನ್ನ ಡಾಕ್ಟರ ಮುಂದೆ ಇಬ್ರೂ ಕೂತು ಮಾತಾಡಣ’ ಎಂದು ಎದ್ದುಬಿಡಿ. ‘ಬೇಕಾದ್ರೆ ನಾಳೆಯಿಂದ್ಲೇ ಬಿಡ್ತೀನಿ’ ಅಂದರೆ ಮಾತ್ರ ಹುಷಾರು. ಆಣೆಯ ಕತೆ ನೆನಪಿರಲಿ. ‘ಬಿಡೋದಾದ್ರೆ ಡಾಕ್ಟರ ಕೇಳಿ ಬಿಡಣ’ ಎಂಬ ಉತ್ತರ ಜೀವ ಉಳಿಸಬಹುದು.

ಆಸ್ಪತ್ರೆಗೆ ಹೋಗುವ ಮುನ್ನ ಅಳತೆ ತಿಳಿದಿರಲಿ. ‘ಸ್ವಲ್ಪ’ ಅಂದರೆ ಡಾಕ್ಟರಿಗೆ ಏನೂ ತಿಳಿಯದು. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ಮು ಸಾಮಾನ್ಯವಾಗಿ 42.8 ಶೇಕಡಾ. 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ಡಾಕ್ಟರುಗಳ ಒಂದು ಅಳತೆ ಅದು. 180 ಎಂಎಲ್‌ನ ಕ್ವಾರ್ಟರ್ ಅಂದರೆ ಆರು ಅಳತೆ. ನಮ್ಮಣ್ಣನ ದಿನದ ಎರಡು ಕ್ವಾರ್ಟರ್ ಹನ್ನೆರಡಾಯಿತು.

ಎಲ್ಲಿಗೆ ಹೋಗುವುದು

ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದು ಇಡೀ ದೇಶಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ. ಹಲವು ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಾನು ಮಂಗಳವಾರ ಅಂದದ್ದು ಅದಕ್ಕೇ. ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಎಲ್ಲಿಗೂ ಹೋಗಲಾಗದಿದ್ದರೆ ಮನೆಯವರೇ ಮೊದಲು ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಗೆಂದೇ ಕೇಂದ್ರ ಸರ್ಕಾರದ 14446 ಇದೆ.

ಹಳ್ಳಿಗಳಲ್ಲಿ ಹೆಚ್ಚು ಜನ ಬಲ್ಲದ್ದು ಮದ್ಯವರ್ಜನ ಶಿಬಿರ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಅಖಿಲ ಕರ್ನಾಟಕ ಜನಜಾಗೃತಿ ವೇದಿಕೆಯವರು ನಡೆಸುವ ಎಂಟು ದಿನದ ಶಿಬಿರಗಳಿಂದ ಬಿಟ್ಟವರನ್ನು ನಾನೇ ಬಲ್ಲೆ. ಶಿಬಿರದ ನಂತರ ಅವರನ್ನು ಜೊತೆಗಿಟ್ಟುಕೊಳ್ಳುವ ನವಜೀವನ ಸಮಿತಿಯೇ ನನ್ನ ಕಣ್ಣಿಗೆ ಶಿಬಿರಕ್ಕಿಂತ ದೊಡ್ಡದು. ಹಿಂದೆ ಫಿಟ್ಸ್ ಬಂದವರು, ಬೆಳಿಗ್ಗೆ ನಡುಗುವವರು ಶಿಬಿರಕ್ಕೆ ಮೊದಲು ಡಾಕ್ಟರನ್ನು ಕಂಡು, ಆ ವಿಷಯವನ್ನು ಶಿಬಿರದವರಿಗೂ ಹೇಳಬೇಕು.

ರಾತ್ರೋರಾತ್ರಿ ಜೀಪಿನಲ್ಲಿ ಬಂದು ಎತ್ತಿಕೊಂಡು ಹೋಗುತ್ತೇವೆ ಅನ್ನುವ ಖಾಸಗಿ ಕೇಂದ್ರಗಳವರೂ ಸಿಗುತ್ತಾರೆ. ಅಂಥವರಿಗೆ ದುಡ್ಡು ಕಟ್ಟಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಗೆ ಮದ್ಯವ್ಯಸನವೂ ಒಳಪಡುತ್ತದೆ. ಕೇಂದ್ರ ನೋಂದಣಿಯಾಗಿರಬೇಕು, ಇಷ್ಟವಿಲ್ಲದವರನ್ನು ಸೇರಿಸಿಕೊಳ್ಳಲು ಡಾಕ್ಟರ ಪರೀಕ್ಷೆ ಮತ್ತು ಕಾಯ್ದೆಯ ಷರತ್ತುಗಳಿವೆ, ಸರಪಳಿ ಹಾಕುವುದು ನಿಷಿದ್ಧ.

ಗುಟ್ಟಿನ ಪುಡಿ ಬೇಡ

ಇದನ್ನು ಬೇರೆಯಾಗಿಯೇ ಬರೆಯುತ್ತೇನೆ, ಯಾಕೆಂದರೆ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧ ಜನ ಕೇಳುವುದು ಇದನ್ನೇ: ‘ಸಾರಲ್ಲಿ ಬೆರೆಸಿ ಕೊಡೋ ಪುಡಿ ಇದ್ಯಂತಲ್ಲಣ್ಣ?’ ಇಂಥ ಪುಡಿ, ಮಾತ್ರೆಗಳಲ್ಲಿ ಡೈಸಲ್ಫಿರಾಂ ಇರುವ ಸಾಧ್ಯತೆ ಇದೆ. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನಲ್ಲಿ ಮದ್ಯವ್ಯಸನಕ್ಕೆ ಬಳಕೆಗೆ ಬಂದ ಔಷಧಿ ಅದು. ಮದ್ಯ ದೇಹದಲ್ಲಿ ಅರ್ಧ ಕರಗಿ ಅಸಿಟಾಲ್ಡಿಹೈಡ್ ಎಂಬ ವಿಷವಾದ ಹಂತದಲ್ಲೇ ಅದನ್ನು ತಡೆದುಬಿಡುತ್ತದೆ. ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಹೃದಯ ಸರಿ ಇಲ್ಲದವರು ಸಾಯಲೂಬಹುದು. ನುಂಗುವವರಿಗೆ ಗೊತ್ತಿದ್ದು, ಒಪ್ಪಿ, ಡಾಕ್ಟರ ಕಣ್ಗಾವಲಿನಲ್ಲಿ ತೆಗೆದುಕೊಂಡರೆ ಒಳ್ಳೆಯ ಔಷಧಿ; ಗೊತ್ತಿಲ್ಲದೆ ಹಾಕಿದರೆ ವಿಷಪ್ರಾಶನ. ನಿಲ್ಲಿಸಿದ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು. ಆಸೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಮಾತ್ರೆಗಳಿವೆ, ಡಾಕ್ಟರ ಹತ್ತಿರ ಕೇಳಿ. ಮತ್ತೆ, ಸಾರಿಗೆ ಪುಡಿ ಹಾಕಿದ್ದು ಒಂದಿನ ಗೊತ್ತಾಗಿಯೇ ಆಗುತ್ತದೆ. ಆಮೇಲೆ ಆ ಮನೆಯ ಅನ್ನವನ್ನೂ ಅವರು ನಂಬುವುದಿಲ್ಲ.

ಮಕ್ಕಳಿಗೆ ಏನು ಹೇಳುವುದು

ಅವರಿಗೆ ಗೊತ್ತಿಲ್ಲ ಅಂದುಕೊಂಡಿರುವವರು ನಾವು ಮಾತ್ರ. ಅಣ್ಣನ ಮಗಳಿಗೆ ಆಗ ಎಂಟು ವರ್ಷ. ಗೇಟಿನ ಚಿಲಕದ ಸದ್ದಿನಲ್ಲೇ ಅಪ್ಪ ಎಷ್ಟು ಕುಡಿದಿದ್ದಾನೆಂದು ತಿಳಿದು, ಹೋಂವರ್ಕ್ ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅತ್ತಿಗೆ ಕೊನೆಗೆ ಅವಳಿಗೆ ಹೇಳಿದ್ದು ಇಷ್ಟೇ: ‘ಅಪ್ಪಂಗೆ ಒಂದು ಕಾಯಿಲೆ ಐತೆ ಮಗ, ಕುಡಿಯೋದ ನಿಲ್ಸಕ್ಕೆ ಆಗ್ದಿರೋ ಕಾಯಿಲೆ. ನೀನು ಗಲಾಟೆ ಮಾಡ್ದೆ ಅಂತ ಬಂದಿದ್ದಲ್ಲ. ನೀನು ಜಾಣೆ ಆದ್ರೆ ಹೋಗೋದೂ ಅಲ್ಲ. ಡಾಕ್ಟ್ರು ನೋಡ್ತಾವ್ರೆ.’ ಹುಡುಗಿ ಕೇಳಿದ್ದು, ‘ಹಂಗಾದ್ರೆ ಸ್ಕೂಲಲ್ಲಿ ಯಾರಾದ್ರೂ ಕೇಳಿದ್ರೆ?’ ‘ಹೇಳ್ಬೇಕು ಅನ್ಸಿದ್ರೆ ಹೇಳು, ಬ್ಯಾಡ ಅನ್ಸಿದ್ರೆ ಬ್ಯಾಡ. ಸುಳ್ಳು ಮಾತ್ರ ನೀನು ಹೊರ್ಬ್ಯಾಡ.’

ಮಕ್ಕಳ ಕೈಲಿ ಬಾಟಲಿ ಹುಡುಕಿಸಬೇಡಿ, ಬಾರಿಗೆ ಕರೆಯಲು ಕಳಿಸಬೇಡಿ, ‘ನಿನ್ನ ಮಗಳ ಮುಖ ನೋಡಿಯಾದರೂ’ ಎಂದು ಅವರನ್ನು ಎದುರಿಗೆ ನಿಲ್ಲಿಸಬೇಡಿ. ಆ ಭಾರ ಎಂಟು ವರ್ಷದ ಹೆಗಲಿನದಲ್ಲ.

ಕೈ ಎತ್ತುವ ಮನೆಯಾದರೆ

ಮೇಲೆ ಬರೆದ ಯಾವ ಮಾತುಕತೆಯೂ ಅಲ್ಲಿಗೆ ಅನ್ವಯಿಸುವುದಿಲ್ಲ. ಮೊದಲು ನೀವು, ಮಕ್ಕಳು ಅಲ್ಲಿಂದ ಹೊರಬನ್ನಿ. 112, ಮಹಿಳೆಯರಿಗೆ 181, ಮಕ್ಕಳಿಗೆ 1098. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಹೆಂಡತಿಗೆ ಮಾತ್ರವಲ್ಲ, ಮನೆಯಲ್ಲಿರುವ ತಾಯಿ, ತಂಗಿಯರಿಗೂ ರಕ್ಷಣೆ ಕೊಡುತ್ತದೆ. ಕುಡಿದಾಗ ಹೊಡೆಯುತ್ತಾನೆ, ಇಲ್ಲದಿದ್ದರೆ ದೇವರಂಥವನು ಅನ್ನುವ ಮಾತನ್ನು ಹೇಳಿಕೊಂಡು ಕೂರಬೇಡಿ.

ವಾಪಸ್ ಬಂದ ಮೇಲಿನ ಮಾತು

ಬಿಟ್ಟ ಮೇಲೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಮೊದಲ ತಿಂಗಳು ಮನೆಯಲ್ಲಿ ಯಾರಿಗೂ ಮಾತೇ ಬರಲಿಲ್ಲ. ಹಿಂದೆ ಜಗಳವಾದರೂ ಇತ್ತು. ಅಣ್ಣ ಸ್ವಲ್ಪ ತಡವಾಗಿ ಬಂದರೆ ಅತ್ತಿಗೆ ಹತ್ತಿರ ಹೋಗಿ ಗೊತ್ತಾಗದ ಹಾಗೆ ಮೂಸುವರು. ಅವನಿಗೆ ಗೊತ್ತಾಗುತ್ತಿತ್ತು. ಒಂದಿನ, ‘ಬಾಯಿ ತೆಗೀಲಾ?’ ಎಂದು ಕೂಗಾಡಿದ. ಆಮೇಲೆ ಒಂದು ಒಪ್ಪಂದವಾಯಿತು. ಅತ್ತಿಗೆ ಮೂಸುವುದಿಲ್ಲ, ಬದಲಿಗೆ ರಾತ್ರಿ ಊಟದ ಹೊತ್ತಿಗೆ ಅವನೇ, ಕೇಳದೆ, ‘ಇವತ್ತು ಆಸೆ ಆಗಿತ್ತು’ ಅಥವಾ ‘ಇವತ್ತು ಇಲ್ಲ’ ಅನ್ನಬೇಕು. ‘ಆಸೆ ಆಗಿತ್ತು’ ಅಂದಾಗ ಯಾರೂ ಗಾಬರಿ ಬೀಳಕೂಡದು, ಬುದ್ಧಿ ಹೇಳಕೂಡದು. ‘ಯಾವ ಹೊತ್ತಲ್ಲಿ?’ ಎಂದು ಕೇಳಬಹುದು. ಹಾಗೆ ಕೇಳಿ ಕೇಳಿ ತಿಳಿದದ್ದು, ಅವನಿಗೆ ಆಸೆ ಹುಟ್ಟುವುದು ಮಧ್ಯಾಹ್ನದ ಊಟ ತಪ್ಪಿದ ದಿನ ಮತ್ತು ಗಿರಾಕಿ ದುಡ್ಡು ಕೊಡದೆ ಸಿಟ್ಟು ಬರಿಸಿದ ದಿನ. ಊಟದ ಡಬ್ಬಿ ಒಂದು ಗಂಟೆಗೆ ಅಂಗಡಿಗೆ ತಲುಪತೊಡಗಿತು.

ನಮ್ಮ ಕಡೆ ಕ್ಯಾಲೆಂಡರ್ ನೋಡಿಕೊಂಡು ಮಾತಾಡಬೇಕು. ಯುಗಾದಿ ಮಾರನೇ ದಿನದ ಹೊಸತೊಡಕು, ಮಾರಿಹಬ್ಬ, ಮದುವೆ ಮುಗಿದ ಮೇಲಿನ ಬೀಗರೂಟ: ಬಾಡೂಟ ಇದ್ದಲ್ಲಿ ಬಾಟಲಿ ಇದ್ದೇ ಇರುತ್ತದೆ. ಒಂದು ವಾರ ಮುಂಚೆಯೇ ಕೂತು ಗೊತ್ತುಮಾಡಿಕೊಳ್ಳಿ, ಹೋಗುವುದೋ ಬೇಡವೋ, ಹೋದರೆ ಯಾರ ಪಕ್ಕ ಕೂರುವುದು, ಎಷ್ಟು ಹೊತ್ತಿಗೆ ಏಳುವುದು. ‘ಒಂದು ಪೆಗ್ಗಿಗೇನಾಗ್ತದೆ’ ಅನ್ನುವ ನೆಂಟನಿಗೆ ಉತ್ತರ ಕೊಡುವ ಕೆಲಸ ಮನೆಯವರದ್ದಾಗಲಿ.

ಅಯ್ಯಪ್ಪನ ಮಾಲೆಯ ಮಾತು ಎಲ್ಲರೂ ಎತ್ತುತ್ತಾರೆ. ‘ಮಾಲೆ ಹಾಕಿದ 41 ದಿನ ಬಿಡ್ತಾನೆ, ಆಮೇಲೆ ಯಾಕಾಗಲ್ಲ? ಕೊಬ್ಬು.’ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಅದನ್ನು ತಿರುಗಿಸಿ ನೋಡುತ್ತೇನೆ. ಆ 41 ದಿನ ನಸುಕಿಗೇ ಸ್ನಾನ, ಸಂಜೆ ಕುಡಿಯುವ ಹೊತ್ತಿಗೆ ಸರಿಯಾಗಿ ಭಜನೆ, ಸುತ್ತ ಅದೇ ವ್ರತದವರು, ಕುಡಿಯಲು ಯಾರೂ ಕರೆಯುವುದಿಲ್ಲ, ಊರಿಗೆ ಊರೇ ‘ಸ್ವಾಮಿ’ ಅನ್ನುತ್ತದೆ. 42ನೇ ದಿನ ಅದೆಲ್ಲ ಒಟ್ಟಿಗೇ ನಿಂತು ಮತ್ತೆ ‘ಏನ್ಲಾ’ ಆಗುತ್ತದೆ. ಅವನಲ್ಲಿ ಕೊಬ್ಬು ಹುಡುಕುವ ಬದಲು ಆ ದಿನಗಳಿಂದ ಏನನ್ನು ಉಳಿಸಿಕೊಳ್ಳಬಹುದೆಂದು ನೋಡಿ. ನಮ್ಮಣ್ಣನಿಗೆ ಸಂಜೆ ಆರರಿಂದ ಎಂಟು ಕಷ್ಟದ ಹೊತ್ತು. ವಾರಕ್ಕೆರಡು ದಿನ ಆ ಹೊತ್ತಲ್ಲಿ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗುತ್ತಾನೆ, 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಕತೆ ಹೇಳಿಕೊಂಡು ಶುರುವಾದ ಕೂಟ. ಮನೆಯವರಿಗಾಗಿ ಇರುವ ಆಲ್-ಅನಾನ್ 1951ರದ್ದು. ಅತ್ತಿಗೆ ಒಮ್ಮೆ ಹೋಗಿ ಬಂದು, ‘ಅಲ್ಲಿ ಎಲ್ಲರ ಮನೇಲೂ ಒಂದು ಸ್ಲೇಟ್ ಐತೆ’ ಅಂದರು.

ಹಳೆಯ ನೋವಿನ ಮಾತು ಅವಸರಪಡಿಸಬೇಡಿ. ‘ಹೋದ ವಿಷಯ ಬಿಡು’ ಎಂದು ಅವರೂ ಹೇಳಕೂಡದು, ದಿನಾ ಕೆದಕುತ್ತಾ ನೀವೂ ಕೂರಕೂಡದು. ಸಂಘದ ಸಾಲದ ವಿಷಯ ಅತ್ತಿಗೆ ಎತ್ತಿದ್ದು ಐದನೇ ತಿಂಗಳಿಗೆ, ಕಂತಿನ ಪುಸ್ತಕ ಮುಂದಿಟ್ಟು. ಅಣ್ಣ ಪುಟ ತಿರುಗಿಸಿ ನೋಡಿ ಏನೂ ಅನ್ನಲಿಲ್ಲ. ಮುಂದಿನ ಕಂತು ಅವನೇ ಕಟ್ಟಿ ಬಂದ.

ಜಾರಿದ ದಿನ

ಜಾರುವವರೇ ಹೆಚ್ಚು. ಬಿಟ್ಟ ಹನ್ನೊಂದನೇ ತಿಂಗಳಲ್ಲಿ ಅಣ್ಣ ಒಂದು ಬೀಗರೂಟಕ್ಕೆ ಒಬ್ಬನೇ ಹೋಗಿ ಕುಡಿದು ಬಂದ. ಇದಕ್ಕೂ ಮುಂಚೆಯೇ ಮಾತಾಡಿಟ್ಟುಕೊಂಡಿದ್ದು ಕೆಲಸಕ್ಕೆ ಬಂತು: ಜಾರಿದರೆ ಯಾರಿಗೆ ಮೊದಲು ಹೇಳುವುದು (ನನಗೆ), ಎಷ್ಟು ಗಂಟೆಯೊಳಗೆ ಡಾಕ್ಟರಿಗೆ ಫೋನ್ ಮಾಡುವುದು (ಮಾರನೇ ದಿನ ಮಧ್ಯಾಹ್ನದೊಳಗೆ), ಆ ರಾತ್ರಿ ಯಾರೂ ಮಾತಾಡದಿರುವುದು. ‘ಎಲ್ಲಾ ನೀರಲ್ಲಿ ಹೋಮ’ ಎಂದು ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಹನ್ನೊಂದು ತಿಂಗಳು ಎಲ್ಲೂ ಹೋಗಿಲ್ಲ ಕಣವ್ವ, ಹನ್ನೊಂದು ತಿಂಗಳು ಅವನು ಕುಡಿದಿಲ್ಲ, ಅದು ಆಗಿದ್ದು ಆಗಿದೆ, ಅಂದೆ. ಅವಳಿಗೆಷ್ಟು ಸಮಾಧಾನವಾಯಿತೋ ಗೊತ್ತಿಲ್ಲ.

ಬೆಳಿಗ್ಗೆ ನಾನು ಶಟರ್ ಹತ್ತಿರ ಹೋದಾಗ ಅಣ್ಣ ಆಗಲೇ ಅಲ್ಲಿದ್ದ. ಕಣ್ಣು ಕೆಂಪಗೆ, ಕ್ಷೌರ ಮಾಡಿರಲಿಲ್ಲ. ಸ್ಲೇಟು ಕೈಯಲ್ಲಿ ಹಿಡಿದಿದ್ದ, ಬಳಪ ಇರಲಿಲ್ಲ. ನಾನು ಜೇಬು ತಡಕಿಕೊಳ್ಳುವಷ್ಟರಲ್ಲಿ ಅದನ್ನು ಬೆಂಚಿನ ಮೇಲೆ ಬೋರಲು ಹಾಕಿ, ಫೋನ್ ತೆಗೆದ. ಹಿಂದಿನ ದಿನವೇ ಮೋಟಾರ್ ಕೊಡಬೇಕಾಗಿದ್ದದ್ದು ಅದೇ ಗೌಡರಿಗೆ.

‘ಗೌಡ್ರೇ, ನಿಮ್ಮ ಐದು ಎಚ್‌ಪಿದು ರೆಡಿ ಆಗಿಲ್ಲ. ನಿನ್ನೆ ಕುಡ್ದಿದ್ದೆ. ಇವತ್ತು ಆಸ್ಪತ್ರೆಗೆ ಹೋಗಿ ಬತ್ತೀನಿ. ಗುರುವಾರ ಸಂಜೆಗೆ ಕೊಡ್ತೀನಿ.’

ಆ ಕಡೆಯಿಂದ ಏನಂದರೋ ಕೇಳಿಸಲಿಲ್ಲ. ಗುರುವಾರ ಐದು ಗಂಟೆಗೆ ಟ್ರ್ಯಾಕ್ಟರ್ ಬಂತು, ಮೋಟಾರು ವಾರ್ನಿಷ್ ಒಣಗಿ ಬಾಗಿಲಲ್ಲೇ ಇತ್ತು. ಎತ್ತಿ ಟ್ರೇಲರಿಗೆ ಹಾಕುವಾಗ ಒಂದು ಕಡೆ ಗೌಡರು ಹಿಡಿದರು, ಒಂದು ಕಡೆ ಅಣ್ಣ.